ಒಂಟಿ ಎಂಜಿನ್ನಿನ ವಿಮಾನ, ಘಟ್ಟದ ಮಳೆ ಮತ್ತು ನಮ್ಮ ಅಲಗೇರಿ

ಚೌತಿಗೆಂದು ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು ಕುಳಿತವನು, ಪಂಚಕಜ್ಜಾಯ ತಿನ್ನುತ್ತ ಒಂದು ವಿಚಿತ್ರವಾದ ಪ್ರಶ್ನೆ ಕೇಳಿದ. ಅವನು ಬೆಂಗಳೂರಿನ ಒಂದು ಕಂಪನಿಯಲ್ಲಿ ಹಿರಿಯ ಹುದ್ದೆಯಲ್ಲಿರುವವನು. ಸಣ್ಣ ಪಟ್ಟಣಗಳಿಗೆ ಅಧಿಕಾರಿಗಳು ಹೋಗಿಬರಲು ಒಂದು ಸಣ್ಣ ವಿಮಾನ ಕೊಳ್ಳುವುದೋ, ಬಾಡಿಗೆಗೆ ಹಿಡಿಯುವುದೋ ಎಂಬ ವಿಚಾರ ಅವನ ಕಂಪನಿಯಲ್ಲಿ ನಡೆದಿದೆ. ನೋಡುತ್ತಿರುವ ವಿಮಾನಕ್ಕೆ ಇರುವುದು ಒಂದೇ ಎಂಜಿನ್. "ಸರ್, ನೀವಾದರೆ ಅದರಲ್ಲಿ ಕೂರುತ್ತೀರಾ?" ಎಂದ. ನಾನು ಉತ್ತರಿಸುವ ಮೊದಲೇ ಜೊತೆಗೆ ಬಂದಿದ್ದ ಅವನ ತಾಯಿ, "ಒಂದೆತ್ತಿನ ಗಾಡಿಯಲ್ಲಿ ಆಕಾಶಕ್ಕೆ ಹೋಗುವುದೇನೋ? ಬೇಡ" ಎಂದು ತೀರ್ಪು ಕೊಟ್ಟುಬಿಟ್ಟರು.

ನಾನು ಇತಿಹಾಸ ಕಲಿಸಿದವನೇ ಹೊರತು ವಿಮಾನ ಬಲ್ಲವನಲ್ಲ. ಆದರೆ ಆ ಪ್ರಶ್ನೆ ಹಲವು ದಿನ ನನ್ನನ್ನು ಬಿಡಲಿಲ್ಲ. ಅಮದಳ್ಳಿಯಿಂದ ಅಂಕೋಲೆಯ ಕಡೆಗೆ ಹೋಗುವ ದಾರಿಯಲ್ಲಿರುವ ಅಲಗೇರಿಯ ಹೆಸರು ವಿಮಾನ ನಿಲ್ದಾಣದೊಂದಿಗೆ ಸೇರಿಕೊಂಡು ಎಷ್ಟೋ ಕಾಲವಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಎಂದು ನೀವು ನಗಬಹುದು. ಆದರೂ ನಾಳೆ ಅಲ್ಲಿ ಇಳಿಯುವ ವಿಮಾನ ಎಂಥದ್ದಾಗಿರಬೇಕು ಎಂಬುದನ್ನು ಇಂದೇ ಯೋಚಿಸುವುದು ತಪ್ಪಲ್ಲ ಎಂದುಕೊಂಡು ಈ ಲೇಖನ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು ನೆನಪಿಡಬೇಕು. ನಮ್ಮ ದೇಶದ ವಿಮಾನಯಾನ ಆರಂಭವಾದದ್ದೇ ಒಂಟಿ ಎಂಜಿನ್ನಿನ ವಿಮಾನದಿಂದ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು 'ಪುಸ್ ಮಾತ್' ಎಂಬ ಪುಟ್ಟ ವಿಮಾನದಲ್ಲಿ ಅಂಚೆಯ ಚೀಲ ಇಟ್ಟುಕೊಂಡು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಹಾರಿದರು. ಅಹಮದಾಬಾದಿನಲ್ಲಿ ಆ ವಿಮಾನಕ್ಕೆ ಬೇಕಾದ ಪೆಟ್ರೋಲು ಎತ್ತಿನ ಗಾಡಿಯ ಮೇಲೆ ಡಬ್ಬಗಳಲ್ಲಿ ಬಂತು ಎಂಬುದು ಪ್ರಸಿದ್ಧ ಸಂಗತಿ. ಮುಂಬಯಿಯಿಂದ ಮುಂದೆ ನೆವಿಲ್ ವಿನ್ಸೆಂಟ್ ಎಂಬ ಚಾಲಕ ಅಂಚೆಯನ್ನು ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದ. ಬಳ್ಳಾರಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಇಂದಿನ ಕರ್ನಾಟಕದ ನೆಲ ಆ ಸೇವೆಯ ಮೊದಲ ಯಾನದಲ್ಲಿಯೇ ಒಂದು ನಿಲ್ದಾಣವಾಗಿತ್ತೆಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕಾದ ವಿಷಯ.

ಇನ್ನೂ ಹತ್ತಿರದ ಸಂಗತಿಯೊಂದಿದೆ. 1935ರ ಕೊನೆಯಲ್ಲಿ ಅದೇ ಟಾಟಾ ಸಂಸ್ಥೆ ಮುಂಬಯಿಯಿಂದ ಗೋವಾ, ಕಣ್ಣೂರುಗಳ ಮೂಲಕ ತಿರುವನಂತಪುರಕ್ಕೆ ವಿಮಾನ ಸೇವೆ ಆರಂಭಿಸಿತು. ಅದೂ ಒಂದೇ ಎಂಜಿನ್ನಿನ ಸಣ್ಣ ವಿಮಾನ. ನೀವು ಶಾಲೆಯ ನಕಾಶೆ ತೆಗೆದು ಗೋವಾದಿಂದ ಕಣ್ಣೂರಿಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆದು ನೋಡಿ. ಆ ಗೆರೆ ಕಾರವಾರದ ಪಕ್ಕದಲ್ಲಿಯೇ ಹಾದುಹೋಗುತ್ತದೆ. ನಮ್ಮ ಅಜ್ಜಂದಿರು ಗಜನಿಯಲ್ಲಿ ಭತ್ತ ಬಿತ್ತುತ್ತಿದ್ದ ಕಾಲದಲ್ಲಿಯೇ ಒಂಟಿ ಎಂಜಿನ್ನಿನ ದಾರಿ ಈ ಕರಾವಳಿಯುದ್ದಕ್ಕೂ ತೆರೆದಿತ್ತು. ಇಳಿಯಲು ಮಾತ್ರ ಇಲ್ಲಿ ಜಾಗವಿರಲಿಲ್ಲ.

ಆ ಆರಂಭದ ಸೇವೆ ಹೇಗೆ ಬದುಕಿತು ಎಂಬುದೇ ನನಗೆ ಮುಖ್ಯವೆನಿಸುತ್ತದೆ. 1933ರಲ್ಲಿ, ಅಂದರೆ ಮೊದಲ ಪೂರ್ಣ ವರ್ಷದಲ್ಲಿ, ಆ ವಿಮಾನಗಳು ಒಯ್ದ ಪ್ರಯಾಣಿಕರು ಕೇವಲ 155 ಮಂದಿ. ಒಯ್ದ ಅಂಚೆ ಮಾತ್ರ ಹತ್ತು ಟನ್ನಿಗೂ ಹೆಚ್ಚು. ಸಂಸ್ಥೆಗೆ ಆ ವರ್ಷ ಲಾಭವೂ ಬಂತು. ಜನ ಬರಲಿ ಬಿಡಲಿ, ಅಂಚೆ ಪ್ರತಿ ವಾರ ತಪ್ಪದೆ ಬರುತ್ತಿತ್ತು. ಆ ತಪ್ಪದ ಹೊರೆಯೇ ವಿಮಾನವನ್ನು ಉಳಿಸಿತು. ಮಳೆಗಾಲದಲ್ಲಿ ಜುಹುವಿನ ಕೆಸರು ಬಯಲು ನೀರಿನಲ್ಲಿ ಮುಳುಗುತ್ತಿದ್ದುದರಿಂದ ಅವರು ಪುಣೆಯಿಂದ ಹಾರುತ್ತಿದ್ದರು. ತಪ್ಪದ ಹೊರೆ ಮತ್ತು ಮಳೆಗಾಲ, ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಎರಡನೆಯ ಮಹಾಯುದ್ಧದ ನಂತರ ಡಕೋಟಾದಂತಹ ಎರಡು ಎಂಜಿನ್ನಿನ ವಿಮಾನಗಳು ಅಗ್ಗದಲ್ಲಿ ದೊರೆಯತೊಡಗಿದವು. ಪ್ರಯಾಣಿಕರನ್ನು ಹಣಕ್ಕೆ ಒಯ್ಯುವ ವಿಮಾನಕ್ಕೆ, ವಿಶೇಷವಾಗಿ ರಾತ್ರಿಯಲ್ಲಿ ಅಥವಾ ಮೋಡದೊಳಗೆ ಹಾರುವುದಕ್ಕೆ, ಎರಡು ಎಂಜಿನ್ ಇರಲೇಬೇಕೆಂಬ ನಂಬಿಕೆ ಜಗತ್ತಿನಾದ್ಯಂತ ಬೇರೂರಿತು. ಅಂದಿನ ಪಿಸ್ಟನ್ ಎಂಜಿನ್ನುಗಳ ಮಟ್ಟಿಗೆ ಅದು ವಿವೇಕದ ನಿಯಮವೇ ಆಗಿತ್ತು. ಸ್ಕೂಟರಿನಲ್ಲಿರುವಂತೆಯೇ ಅವುಗಳಲ್ಲಿ ಮೇಲಕ್ಕೂ ಕೆಳಕ್ಕೂ ಬಡಿದಾಡುವ ಭಾಗಗಳು ಅನೇಕ. ಬಡಿದಾಡುವುದು ಬೇಗ ಸವೆಯುತ್ತದೆ.

ಟರ್ಬೊಪ್ರಾಪ್ ಎಂಬುದು ಬೇರೆ ಜಾತಿಯದು. ಅದು ಒಳಗೆ ಜೆಟ್ ಎಂಜಿನ್ನೇ. ಗಾಳಿಯನ್ನು ಒತ್ತಿ, ಇಂಧನ ಸುಟ್ಟು, ಆ ಬಿಸಿ ಅನಿಲದ ರಭಸದಿಂದ ಟರ್ಬೈನ್ ಚಕ್ರಗಳನ್ನು ತಿರುಗಿಸುತ್ತಾರೆ. ಆ ಚಕ್ರದ ಶಕ್ತಿ ಮುಂದಿನ ಪ್ರೊಪೆಲರನ್ನು ತಿರುಗಿಸುತ್ತದೆ. ಒಳಗೆ ಬಡಿಯುವುದಿಲ್ಲ, ತಿರುಗುತ್ತದೆ ಅಷ್ಟೆ. ಕೆನಡಾದ ಪ್ರಾಟ್ ಅಂಡ್ ವಿಟ್ನಿ ಸಂಸ್ಥೆ 1960ರ ದಶಕದಲ್ಲಿ ಬಳಕೆಗೆ ತಂದ 'ಪಿಟಿ6' ಎಂಬ ಎಂಜಿನ್ ಈ ಜಾತಿಯಲ್ಲಿ ಬಹಳ ಹೆಸರಾದದ್ದು. ಇದನ್ನೇ ನಂಬಿ ಅಮೆರಿಕದ ಸೆಸ್ನಾ ಸಂಸ್ಥೆ 'ಕ್ಯಾರವಾನ್' ಎಂಬ ಒಂಟಿ ಎಂಜಿನ್ನಿನ ವಿಮಾನ ಮಾಡಿತು. ಅದು ಮೊದಲು ಹಾರಿದ್ದು 1982ರಲ್ಲಿ. ಸ್ವಿಟ್ಜರ್ಲೆಂಡಿನ ಪಿಲಾಟಸ್ ಸಂಸ್ಥೆಯ 'ಪಿಸಿ-12' ಹಾರಿದ್ದು 1991ರಲ್ಲಿ. ಕ್ಯಾರವಾನಿನ ಮೊದಲ ದೊಡ್ಡ ಗಿರಾಕಿ ಯಾರೆಂದು ಬಲ್ಲಿರಾ? ಪಾರ್ಸೆಲ್ ಸಾಗಿಸುವ ಫೆಡೆಕ್ಸ್ ಸಂಸ್ಥೆ. ಅರ್ಧ ಶತಮಾನದ ಹಿಂದೆ ಟಾಟಾ ಅವರ ವಿಮಾನವನ್ನು ಉಳಿಸಿದ್ದ ಅದೇ ತಪ್ಪದ ಹೊರೆ!

ಎಂಜಿನ್ ಬದಲಾದರೂ ನಿಯಮ ಕೂಡಲೇ ಬದಲಾಗಲಿಲ್ಲ. ಒಂಟಿ ಟರ್ಬೈನ್ ವಿಮಾನ ಪ್ರಯಾಣಿಕರನ್ನು ಕರೆದುಕೊಂಡು ಮೋಡದಲ್ಲಿಯೂ ಹಾರಬಹುದೆಂದು ಕೆನಡಾ ಒಪ್ಪಿದ್ದು 1993ರಲ್ಲಿ, ಅಮೆರಿಕ ಒಪ್ಪಿದ್ದು 1997ರಲ್ಲಿ, ಯುರೋಪು ಒಪ್ಪಿದ್ದು 2017ರಲ್ಲಿ. ಯುರೋಪು ಇಟ್ಟ ಅಳತೆ ಹೀಗಿದೆ: ಹತ್ತು ಲಕ್ಷ ಗಂಟೆಗಳ ಹಾರಾಟದಲ್ಲಿ ಎಂಜಿನ್ ಶಕ್ತಿ ಕಳೆದುಕೊಳ್ಳುವ ಪ್ರಸಂಗ ಹತ್ತಕ್ಕಿಂತ ಹೆಚ್ಚಾಗಬಾರದು. ಅಂದರೆ ಒಂದು ಲಕ್ಷ ಗಂಟೆಗೆ ಒಂದು. ನಿಮ್ಮ ಊರಿನ ವಿಮಾನ ದಿನಕ್ಕೆ ಎರಡು ಗಂಟೆ, ವರ್ಷವಿಡೀ ಹಾರಿದರೆ 730 ಗಂಟೆಗಳಾಗುತ್ತವೆ. ಒಂದು ಲಕ್ಷ ಗಂಟೆಯಾಗಲು ಸುಮಾರು 137 ವರ್ಷ ಬೇಕು! ಸರಾಸರಿ ಎಂಬುದು ಸರಾಸರಿಯೇ. ಆ ಒಂದು ಪ್ರಸಂಗ ನಾಳೆಯೇ ಒದಗಬಹುದು. ಆದರೂ ಭಯವನ್ನು ಅಳೆಯುವುದಕ್ಕೆ ಒಂದು ಕೋಲು ಸಿಕ್ಕಿತಲ್ಲ.

ಇನ್ನು ಆ ತಾಯಿಯವರ ಎತ್ತಿನ ಮಾತಿಗೆ ಬರೋಣ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಬಿದ್ದರೆ ಇನ್ನೊಂದು ಗಾಡಿಯನ್ನು ನೆಟ್ಟಗೆ ಎಳೆಯಲಾರದು, ನೊಗ ಒಂದು ಕಡೆಗೆ ತಿರುಗುತ್ತದೆ. ಎರಡು ಎಂಜಿನ್ನಿನ ಸಣ್ಣ ವಿಮಾನದಲ್ಲಿಯೂ ಹಾಗೆಯೇ. ಒಂದು ನಿಂತಾಗ ವಿಮಾನ ಪಕ್ಕಕ್ಕೆ ಎಳೆಯುತ್ತದೆ. ಆ ಗಳಿಗೆಯಲ್ಲಿ ಚಾಲಕನ ಕೈ ತಪ್ಪಿದರೆ ಉಳಿದ ಎಂಜಿನ್ ಇದ್ದೂ ಪ್ರಯೋಜನವಿಲ್ಲ. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ 'ಸರಸ್' ವಿಮಾನ ಎರಡು ಎಂಜಿನ್ನಿನದು. 2009ರ ಮಾರ್ಚ್ 6ರಂದು, ಒಂದು ಎಂಜಿನ್ನನ್ನು ಆಕಾಶದಲ್ಲಿ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯ ವೇಳೆ ಬಿಡದಿಯ ಬಳಿ ಅದು ಬಿದ್ದು, ವಾಯುಪಡೆಯ ಮೂವರು ಪ್ರಾಣ ಕಳೆದುಕೊಂಡರು. ಎಂಜಿನ್ನುಗಳ ಸಂಖ್ಯೆಯೊಂದೇ ಪ್ರಾಣ ಕಾಯುವುದಿಲ್ಲ ಎಂಬುದಕ್ಕೆ ಆ ದುಃಖದ ದಿನವನ್ನು ನೆನೆಯಬೇಕಾಗಿದೆ.

ಹಾಗೆಂದು ಒಂಟಿ ಎಂಜಿನ್ನಿನ ವಿಮಾನಕ್ಕೆ ಅಪಾಯವೇ ಇಲ್ಲವೆಂದಲ್ಲ. 2011ರ ಮೇ 25ರ ರಾತ್ರಿ ಪಾಟ್ನಾದಿಂದ ದೆಹಲಿಗೆ ರೋಗಿಯನ್ನು ಕರೆತರುತ್ತಿದ್ದ ಒಂದು ಪಿಸಿ-12 ವಿಮಾನ ಫರೀದಾಬಾದಿನಲ್ಲಿ ಮನೆಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ ಏಳು ಮಂದಿ, ನೆಲದ ಮೇಲಿದ್ದ ಮೂವರು ಸತ್ತರು. ತನಿಖೆ ಬೊಟ್ಟು ಮಾಡಿದ್ದು ಎಂಜಿನ್ನಿನ ಕಡೆಗಲ್ಲ. ಕೆಟ್ಟ ಹವೆ, ಚಾಲನೆಯ ತಪ್ಪು, ಕತ್ತಲಲ್ಲಿ ದಿಕ್ಕಿನ ಅರಿವು ತಪ್ಪುವುದು, ಇವುಗಳ ಕಡೆಗೆ. ಹವೆ ಎಂದೊಡನೆ ನಮ್ಮ ಕಾರವಾರದ ಆಷಾಢ ಕಣ್ಣ ಮುಂದೆ ಬರುತ್ತದೆ.

ಈಗ ಅಲಗೇರಿಗೆ ಬರೋಣ. ಬೆಂಗಳೂರಿನಿಂದ ಅಂಕೋಲೆಗೆ ಆಕಾಶಮಾರ್ಗ ಸುಮಾರು 400 ಕಿಲೋಮೀಟರು. ಗಂಟೆಗೆ 500 ಕಿಲೋಮೀಟರು ಹಾರುವ ಪಿಸಿ-12 ಒಂದು ಗಂಟೆಯಲ್ಲಿ ತಲುಪಬಹುದು. ಗಂಟೆಗೆ ಸುಮಾರು 320 ಕಿಲೋಮೀಟರಿನ ಕ್ಯಾರವಾನಿಗೆ ಒಂದೂವರೆ ಗಂಟೆ. ಎರಡೂ ಸುಮಾರು ಒಂಬತ್ತು ಪ್ರಯಾಣಿಕರ ವಿಮಾನಗಳು. ರಾತ್ರಿಯಿಡೀ ಬಸ್ಸಿನಲ್ಲಿ ತೂಕಡಿಸುವವನಿಗೆ ಎರಡೂ ಸ್ವರ್ಗವೇ. ಆದರೆ ವ್ಯತ್ಯಾಸ ಇರುವುದು ವೇಗದಲ್ಲಲ್ಲ, ಎತ್ತರದಲ್ಲಿ. ಕ್ಯಾರವಾನಿನ ಒಳಗೆ ಗಾಳಿಯ ಒತ್ತಡ ಕಾಯುವ ಏರ್ಪಾಡಿಲ್ಲ. ಆದಕಾರಣ ಸಾಮಾನ್ಯವಾಗಿ ಮೂರು ಕಿಲೋಮೀಟರಿನಷ್ಟು ಎತ್ತರದಲ್ಲಿ, ಅಂದರೆ ಮಳೆಗಾಲದಲ್ಲಿ ಮೋಡದ ನಡುವೆಯೇ, ಹಾರಬೇಕು. ಪಿಸಿ-12ರಲ್ಲಿ ಆ ಏರ್ಪಾಡಿದೆ; ಅದು ಆರೇಳು ಕಿಲೋಮೀಟರಿಗೂ ಮೇಲೆ ಹಾರಬಲ್ಲದು.

ಇದರಿಂದ ಏನಾಗುತ್ತದೆ ನೋಡಿ. ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ಹದ್ದಿನಂತೆ ತೇಲುತ್ತ ಇಳಿಯುತ್ತದೆ. ಪಿಸಿ-12 ಒಂದು ಕಿಲೋಮೀಟರು ಇಳಿಯುವಷ್ಟರಲ್ಲಿ ಸುಮಾರು 15 ಕಿಲೋಮೀಟರು ಮುಂದೆ ತೇಲಬಲ್ಲದು. ಕ್ಯಾರವಾನ್ ಸುಮಾರು ಹತ್ತು. ಬೆಂಗಳೂರಿನಿಂದ ಬಂದ ವಿಮಾನ ಹುಬ್ಬಳ್ಳಿಯ ಮೇಲಿನಿಂದ ಘಟ್ಟ ದಾಟಿ ಅಂಕೋಲೆಗೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಹುಬ್ಬಳ್ಳಿಗೂ ಅಂಕೋಲೆಗೂ ನೇರ ಅಂತರ ಸುಮಾರು 115 ಕಿಲೋಮೀಟರು. ಆರು ಕಿಲೋಮೀಟರಿನ ಎತ್ತರದಿಂದ ಪಿಸಿ-12 ಸುಮಾರು 90 ಕಿಲೋಮೀಟರು ತೇಲಬಹುದು. ಅಂದರೆ ನಡುದಾರಿಯಲ್ಲಿ, ಯಲ್ಲಾಪುರದ ಕಾಡಿನ ಮೇಲೆ ಎಂಜಿನ್ ನಿಂತರೂ, ಲೆಕ್ಕದ ಪ್ರಕಾರ ಹಿಂದಿನ ನಿಲ್ದಾಣವೋ ಮುಂದಿನ ನಿಲ್ದಾಣವೋ ಅದಕ್ಕೆ ಎಟಕುತ್ತದೆ. ಮೂರು ಕಿಲೋಮೀಟರಿನ ಎತ್ತರದಲ್ಲಿರುವ ಕ್ಯಾರವಾನಿಗೆ ಎಟಕುವುದು 30 ಕಿಲೋಮೀಟರು ಮಾತ್ರ. ಎರಡೂ ಕಡೆಯ ಮೂವತ್ತನ್ನು ಕಳೆದರೆ ನಡುವೆ 55 ಕಿಲೋಮೀಟರು ಉಳಿಯುತ್ತದೆ. ಅಲ್ಲಿರುವುದು ಅರಬೈಲು ಘಟ್ಟ, ಕಾಡು, ಕಣಿವೆ. ಎದುರುಗಾಳಿ, ಮೋಡ, ತಿರುವು ಎಲ್ಲವೂ ಈ ಲೆಕ್ಕವನ್ನು ಕಡಿಮೆ ಮಾಡುತ್ತವೆ ಎಂಬುದು ನಿಜ. ಆದರೂ ಘಟ್ಟ ದಾಟುವವನಿಗೆ ಕೇಳಬೇಕಾದ ಪ್ರಶ್ನೆ "ಎಷ್ಟು ಎಂಜಿನ್?" ಎಂಬುದಲ್ಲ, "ಎಷ್ಟು ಎತ್ತರ? ಕೆಳಗೆ ಏನಿದೆ?" ಎಂಬುದು. ನನ್ನ ವಿದ್ಯಾರ್ಥಿಗೆ ನಾನು ಕೊಟ್ಟ ಮೊದಲ ಉತ್ತರ ಇದು: ಕೂರುತ್ತೇನೆ, ಎತ್ತರ ಹಾರುವುದರಲ್ಲಿ, ಇಬ್ಬರು ಅನುಭವಸ್ಥ ಚಾಲಕರಿದ್ದರೆ, ಮತ್ತು ಮಳೆ ಹೆಚ್ಚಾದ ದಿನ "ಇಂದು ಹಾರುವುದಿಲ್ಲ" ಎನ್ನುವ ಸ್ವಾತಂತ್ರ್ಯ ಆ ಚಾಲಕರಿಗಿದ್ದರೆ.

ಎರಡನೆಯ ಪ್ರಶ್ನೆ ಹಣದ್ದು. ಇಲ್ಲಿಯೂ ಇತಿಹಾಸವೇ ಗುರು. ಸಣ್ಣ ಊರುಗಳಿಗೆಂದು ಸರ್ಕಾರ 1981ರಲ್ಲಿ ವಾಯುದೂತವನ್ನು ಹುಟ್ಟುಹಾಕಿತು. 1990ರ ದಶಕದಲ್ಲಿ ಅದು ಇಲ್ಲವಾಯಿತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರ ಆಗಸ್ಟಿನಲ್ಲಿ ಆರಂಭಿಸಿದ ಏರ್ ಡೆಕ್ಕನ್ ಹುಬ್ಬಳ್ಳಿಯಂತಹ ಊರಿನ ಜನಸಾಮಾನ್ಯರನ್ನು ವಿಮಾನ ಹತ್ತಿಸಿತು. ಅದೂ ಇನ್ನೊಂದು ಕಂಪನಿಯಲ್ಲಿ ಸೇರಿಹೋಗಿ, ಆ ಕಂಪನಿ 2012ರಲ್ಲಿ ನಿಂತಿತು. 2016ರಲ್ಲಿ ಬಂದ 'ಉಡಾನ್' ಯೋಜನೆಯಲ್ಲಿ ಸರ್ಕಾರವೇ ಮೂರು ವರ್ಷ ನಷ್ಟ ತುಂಬಿಕೊಡುತ್ತದೆ. ಹಾಗಿದ್ದೂ ಬೀದರಿನ ವಿಮಾನ 2020ರಲ್ಲಿ ಆರಂಭವಾಗಿ, ನಿಂತು, ಮತ್ತೆ ಆರಂಭವಾಗಬೇಕಾಯಿತು. ಇವೆಲ್ಲ ಎರಡು ಎಂಜಿನ್ನಿನ ವಿಮಾನಗಳೇ. ಎಂಜಿನ್ ಕೆಟ್ಟು ನಿಂತ ಸೇವೆ ಇವುಗಳಲ್ಲಿ ಒಂದೂ ಇಲ್ಲ. ಖರ್ಚಿಗೆ ಆದಾಯ ಸಾಲದೆ ನಿಂತವೇ ಹೆಚ್ಚು.

ಇಲ್ಲಿ ಒಂಟಿ ಎಂಜಿನ್ನಿಗೆ ಒಂದು ಅನುಕೂಲವಿದೆ. ಎಪ್ಪತ್ತು ಆಸನದ ವಿಮಾನಕ್ಕೆ ಅರ್ಧ ತುಂಬಲು ದಿನಕ್ಕೆ ಮೂವತ್ತೈದು ಮಂದಿ ಬೇಕು. ಒಂಬತ್ತು ಆಸನದ್ದಕ್ಕೆ ಆರು ಮಂದಿ ಸಾಕು. ಕೈಗಾ, ಕದಂಬ ನೌಕಾನೆಲೆ, ಬಿಣಗಾದ ಕಾರ್ಖಾನೆ, ದಾಂಡೇಲಿಯ ಕಾಗದ ಗಿರಣಿ ಇವುಗಳ ಕೆಲಸಕ್ಕೆ ಓಡಾಡುವವರಲ್ಲಿ ಆರು ಮಂದಿ ಸಿಕ್ಕಾರು. ಆದರೆ ತೊಡಕೂ ಇದೆ. ಚಾಲಕರ ಸಂಬಳ, ದುರಸ್ತಿ, ನಿಲ್ದಾಣದ ಖರ್ಚು ಇವೆಲ್ಲ ಒಂಬತ್ತೇ ಆಸನಗಳ ಮೇಲೆ ಬೀಳುತ್ತವೆ. ಆರರಲ್ಲಿ ಇಬ್ಬರು ಬಾರದಿದ್ದರೆ ಅಂದಿನ ಲೆಕ್ಕ ತಪ್ಪಿತು. ಅಂಡಮಾನಿನಲ್ಲಿ 2010ರ ಕೊನೆಗೆ ಕ್ಯಾರವಾನಿನಿಂದಲೇ ಆರಂಭಿಸಿದ 'ಜಲಹಂಸ' ಎಂಬ ನೀರಿನ ಮೇಲಿಳಿಯುವ ವಿಮಾನ ಸೇವೆ ಬಹುಕಾಲ ಬಾಳಲಿಲ್ಲ. 2022ರ ಅಕ್ಟೋಬರಿನಲ್ಲಿ ಒಡಿಶಾದ ಭುವನೇಶ್ವರದಿಂದ ಜಯಪುರಕ್ಕೆ ಇಂಡಿಯಾವನ್ ಏರ್ ಸಂಸ್ಥೆ ಕ್ಯಾರವಾನಿನಲ್ಲಿಯೇ ವೇಳಾಪಟ್ಟಿಯ ಸೇವೆ ತೊಡಗಿದಾಗ, ಒಂಟಿ ಎಂಜಿನ್ನಿಗೆ ನಮ್ಮ ದೇಶದಲ್ಲಿ ಮತ್ತೊಮ್ಮೆ ಬಾಗಿಲು ತೆರೆಯಿತು ಎನ್ನಬಹುದು.

ಹಾಗಾದರೆ ನಮ್ಮ ಊರಿಗೆ ತಪ್ಪದ ಹೊರೆ ಯಾವುದು? ಇದನ್ನು ಯೋಚಿಸುವಾಗಲೆಲ್ಲ ನನಗೆ ಕಾರವಾರದ ಹಳೆಯ ಕಥೆ ನೆನಪಾಗುತ್ತದೆ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಆಸೆಯಿತ್ತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬರುತ್ತದೆಂದು ಜನ ಕಾದರು. ರೈಲು ಗೋವಾದ ಮುರಗಾವಿಗೆ ಹೋಯಿತು, ಹತ್ತಿಯೂ ಅಲ್ಲಿಗೇ ಹೋಯಿತು. 1996-97ರಲ್ಲಿ ಮಂಜೂರಾದ ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗ ಇಂದಿಗೂ ಪೂರ್ಣಗೊಂಡಿಲ್ಲ. ನಮಗೆ ದಾರಿಯ ಕನಸು ಹೊಸದಲ್ಲ, ಕಾಯುವುದೂ ಹೊಸದಲ್ಲ.

ಭೂಮಿ ಕೊಡುವುದೂ ಹೊಸದಲ್ಲ. 1986ರ ಅಕ್ಟೋಬರ್ 24ರಂದು ರಾಜೀವ ಗಾಂಧಿಯವರು ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದ ಮೇಲೆ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಕಡಲತೀರ ಬಿಟ್ಟು ಎದ್ದವು. ಅವರಲ್ಲಿ ಅನೇಕರು ನಮ್ಮ ಅಮದಳ್ಳಿ, ತೋಡೂರು, ಹಾರವಾಡ, ಬೇಲೇಕೇರಿಗಳ ಪುನರ್ವಸತಿ ಕೇಂದ್ರಗಳಿಗೆ ಬಂದು ನೆಲೆಸಿದರು. ಅವರ ಮಕ್ಕಳೇ ನನ್ನ ತರಗತಿಯಲ್ಲಿ ಕುಳಿತವರು. ಹಾಜರಿ ಪುಸ್ತಕದಲ್ಲಿ ಊರಿನ ಹೆಸರು ಬರೆಯುವಾಗ "ಹಳೆಯದು ಬರೆಯಲೋ, ಹೊಸದೋ, ಸರ್?" ಎಂದು ಹುಡುಗನೊಬ್ಬ ಕೇಳಿದ್ದು ನಾನು ಮರೆತಿಲ್ಲ. ನೌಕಾಪಡೆಯೊಂದಿಗೆ ನಾಗರಿಕರೂ ಬಳಸಬಹುದಾದ ವಿಮಾನ ನಿಲ್ದಾಣಕ್ಕೆ ಅಲಗೇರಿಯನ್ನು ಆರಿಸಿದಾಗ ಅಲ್ಲಿಯ ಗ್ರಾಮಸ್ಥರು ಯೋಗ್ಯ ಪರಿಹಾರಕ್ಕಾಗಿ ಹೋರಾಡಿದ್ದು ಇದೇ ಅನುಭವದ ಬೆಳಕಿನಲ್ಲಿ. ಆ ನೆಲದ ಮೇಲೆ ಇಳಿಯುವ ವಿಮಾನ ಕೇವಲ ಒಂಬತ್ತು ಅಧಿಕಾರಿಗಳದ್ದಾದರೆ, ನೆಲ ಕೊಟ್ಟವನಿಗೆ ಏನು ಉತ್ತರ ಹೇಳುವುದು?

ಉತ್ತರ ಬಹುಶಃ ಮಳೆಗಾಲದಲ್ಲಿಯೇ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರು ಸತ್ತರು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಮರುತಿಂಗಳು, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಸುಮಾರು ಮೂರು ವಾರಗಳ ಅಂತರದಲ್ಲಿ ದಕ್ಷಿಣದ ದಾರಿಯೂ ಉತ್ತರದ ದಾರಿಯೂ ಒಮ್ಮೊಮ್ಮೆ ತಡೆಯಲ್ಪಟ್ಟವು. ದೊಡ್ಡ ಕಾಯಿಲೆಗೆ ಗೋವಾ, ಹುಬ್ಬಳ್ಳಿ, ಮಣಿಪಾಲ, ಮಂಗಳೂರುಗಳನ್ನೇ ನಂಬಿದ ಜಿಲ್ಲೆ ನಮ್ಮದು. ಆಸ್ಟ್ರೇಲಿಯದಲ್ಲಿ ದೂರದ ಹಳ್ಳಿಗಳ ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವ 'ಹಾರುವ ವೈದ್ಯರ ಸೇವೆ' ಇದೇ ಪಿಸಿ-12 ವಿಮಾನವನ್ನು ಬಳಸುತ್ತದೆ. ಬೆಳಿಗ್ಗೆ ಅಧಿಕಾರಿಗಳನ್ನು ತಂದ ವಿಮಾನದಲ್ಲಿ ಮಧ್ಯಾಹ್ನ ಒಂದು ಮಂಚ ಜೋಡಿಸಿ ರೋಗಿಯನ್ನು ಒಯ್ಯಲು ಸಾಧ್ಯವಿರಬೇಕು. ಜೊತೆಗೆ ಔಷಧ, ಅಂಚೆ, ರಕ್ತದ ಚೀಲ, ಮೀನು ಏನಾದರೂ ಸರಿ. 1933ರ ಹತ್ತು ಟನ್ ಅಂಚೆಯ ಪಾಠ ಅದೇ ಅಲ್ಲವೇ? ವ್ಯಾಪಾರದ ಪ್ರಯಾಣವೊಂದನ್ನೇ ನಂಬಿದ ಸಣ್ಣ ವಿಮಾನ ಬಾಳುವುದು ಕಷ್ಟ. ಊರಿನ ತಪ್ಪದ ಅಗತ್ಯವನ್ನು ಹೊತ್ತದ್ದು ಬಾಳೀತು.

ಇದನ್ನೇ ನಾನು ಆ ವಿದ್ಯಾರ್ಥಿಗೆ ಫೋನಿನಲ್ಲಿ ಹೇಳಿದೆ. "ನಿನ್ನ ವರದಿಯಲ್ಲಿ ಎಂಜಿನ್ನಿನ ಪುಟ ಒಂದಿರಲಿ. ಘಟ್ಟದ ಎತ್ತರದ್ದು ಒಂದು, ಆಷಾಢದ್ದು ಒಂದು. ಕೊನೆಯ ಪುಟದಲ್ಲಿ ಅಲಗೇರಿಯವರಿಗೆ ಈ ವಿಮಾನದಿಂದ ಏನು ಸಿಗುತ್ತದೆ ಎಂದು ಬರೆ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಕೊನೆಯ ಪುಟ ಯಾರೂ ಕೇಳಿಲ್ಲ, ಸರ್" ಎಂದ. "ಕೇಳದಿದ್ದರೂ ಬರೆ" ಎಂದೆ. ಹಿಂದೆ ಪರೀಕ್ಷೆಯಲ್ಲಿ ಕೇಳದ ಪ್ರಶ್ನೆಗೆ ಉತ್ತರ ಬರೆದವರ ಅಂಕ ಕಳೆದವನು ನಾನೇ. ಈ ಬಾರಿ ಮಾತ್ರ ಪೂರ್ಣ ಅಂಕ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.